ಹೈಡ್ರೇಂಜಿಯಾ ಹೂ ಬಿಡ್ಬೇಕಂದ್ರೆ ಕತ್ತರಿ ಯಾವಾಗ ಹಿಡೀಬೇಕು – ನನ್ನ ಅನುಭವ

ಗಿಡ ಪೊದೆ ಥರ ಬೆಳ್ದಿದೆ, ಎಲೆನೂ ಹಸಿರಾಗಿದೆ, ಆದ್ರೆ ಹೂವೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದ್ಲು ಕೇಳೋದು ಪ್ರೂನಿಂಗ್ (ಕಡ್ಡಿ ಸವರೋದು) ಯಾವಾಗ ಮಾಡಿದ್ರಿ ಅಂತ. ಯಾಕಂದ್ರೆ ದೊಡ್ಡ ಎಲೆಯ, ಗುಂಡಗೆ ಹೂ ಬಿಡೋ ಮ್ಯಾಕ್ರೋಫಿಲ್ಲಾ ಜಾತಿ ಮುಖ್ಯವಾಗಿ ಹಳೇ ಕಡ್ಡಿಯಲ್ಲೇ ಹೂ ಕೊಡೋದು, ಈ ಸಲದ ಹೂವೆಲ್ಲಾ ಮುಗಿದ ಮೇಲೆ ಅದೇ ಕಡ್ಡಿಗಳ ತುದಿಯಲ್ಲಿ ಮುಂದಿನ ಸಲದ ಮೊಗ್ಗು ಒಳಗೊಳಗೇ ತಯಾರಾಗ್ತಿರುತ್ತೆ, ನಾವು ಗಿಡ ನೀಟಾಗಿರ್ಲಿ ಅಂತ ಚಳಿಗಾಲದಲ್ಲಿ ಎಲ್ಲಾ ಸವರಿಬಿಟ್ರೆ ಆ ಮೊಗ್ಗೂ ಜೊತೇಲೇ ಹೋಯ್ತು.

ಅದಕ್ಕೆ ನಾನು ಹೂ ಬಾಡ್ತಿದ್ದ ಹಾಗೇ ಕತ್ತರಿ ಹಿಡೀತೀನಿ. ಹೂವಿನ ಕೆಳಗೆ ಮೊದಲು ಸಿಗೋ ದಪ್ಪ ಮೊಗ್ಗಿನ ಜೋಡಿ ನೋಡಿ ಅದರ ಸ್ವಲ್ಪ ಮೇಲೆ ಕತ್ತರಿಸ್ತೀನಿ, ಅಷ್ಟೇ. ಗಿಡ ತುಂಬಾ ಹಳೇದಾಗಿದ್ರೆ ಒಂದೆರಡು ಮುದಿ ಕಡ್ಡಿನ ಬುಡದಿಂದಲೇ ತೆಗೀತೀನಿ. ಒಣಗಿದೆ ಅನ್ಸೋ ಕಡ್ಡಿನ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಅದು ಬದುಕಿದೆ, ಬಿಟ್ಬಿಡಿ. ಪ್ಯಾನಿಕ್ಯುಲೇಟಾ, ಆರ್ಬೊರೆಸೆನ್ಸ್ ಜಾತಿಗಳಿಗೆ ಈ ಲೆಕ್ಕ ಇಲ್ಲ, ಅವು ಹೊಸ ಚಿಗುರಲ್ಲಿ ಹೂ ಬಿಡ್ತಾವೆ, ಚಿಗುರೋಕೆ ಮುಂಚೆ ಕತ್ತರಿಸಿದ್ರೂ ನಡೆಯುತ್ತೆ. ಹಾಗಾಗಿ ತರೋವಾಗ್ಲೇ ಯಾವ ಜಾತಿ ಅಂತ ಕೇಳಿ ತಿಳ್ಕೊಳ್ಳಿ.

ಜಾಗದ ವಿಷಯ: ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ಪೂರ್ತಿ ನೆರಳಲ್ಲಿ ಇಟ್ರೆ ಬರೀ ಎಲೆ. ನೈಟ್ರೋಜನ್ ಜಾಸ್ತಿ ಇರೋ ಗೊಬ್ಬರ ಸುರಿದ್ರೂ ಅದೇ ಕಥೆ, ನಾನಂತೂ ಕಾಂಪೋಸ್ಟ್ ಬಿಟ್ಟು ಬೇರೇನೂ ಹೆಚ್ಚಿಗೆ ಹಾಕಲ್ಲ.

ನೀರಿನ ಬಗ್ಗೆ ಸ್ವಲ್ಪ ತಾಳ್ಮೆ ಬೇಕು. ಮಧ್ಯಾಹ್ನದ ಶಾಖಕ್ಕೆ ಎಲೆಗಳು ಜೋತುಬೀಳ್ತವೆ, ನೋಡಿದ ತಕ್ಷಣ ನೀರು ಹುಯ್ಯೋಕೆ ಕೈ ಹೋಗುತ್ತೆ, ಆದ್ರೆ ಮೊದ್ಲು ಬೆರಳು 2 ಇಂಚು ಮಣ್ಣೊಳಗೆ ಹಾಕಿ ನೋಡಿ, ತೇವ ಇದ್ರೆ ಸುಮ್ನಿರಿ, ಸಂಜೆಗೆ ತಾನೇ ಎದ್ದು ನಿಲ್ಲುತ್ತೆ. ಮಣ್ಣು ಒದ್ದೆ ಇದ್ದೂ ಬೆಳಗ್ಗೆ ಕೂಡ ಜೋತೇ ಬಿದ್ದಿದ್ರೆ ಬೇರು ಕೊಳೀತಿರಬಹುದು, ನೀರು ಬಸಿದು ಹೋಗ್ತಿದೆಯಾ ಅಂತ ನೋಡ್ಬೇಕು. ಎಲೆ ಮೇಲೆ ಬೀಳದ ಹಾಗೆ ಬುಡಕ್ಕೇ ಹಾಕಿ, ಮೇಲೆ ಒಣಗಿದ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸ್ಬೇಡಿ.

ಇನ್ನು ಎಲ್ರೂ ಕೇಳೋ ಬಣ್ಣ. ಹೂ ನೀಲಿ ಆಗೋದು ಗಿಡಕ್ಕೆ ಅಲ್ಯೂಮಿನಿಯಂ ಸಿಕ್ಕಿದ್ರೆ, ಅದು ಸಿಗ್ಬೇಕಂದ್ರೆ ಮಣ್ಣು ಹುಳಿ ಇರ್ಬೇಕು, ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಸುಮಾರು 5ರಿಂದ 5.5. 6.5ರ ಹತ್ರ ಹೋದ್ರೆ ಪಿಂಕ್, ನಡುವೆ ಇದ್ರೆ ನೇರಳೆ ಛಾಯೆ. ಬಿಳಿ ತಳಿಗಳು ಏನು ಮಾಡಿದ್ರೂ ನೀಲಿ ಆಗಲ್ಲ. ನಾನು ಮೊಗ್ಗು ಕಾಣೋಕೆ ಮುಂಚೆನೇ 4 ಲೀಟರ್ ನೀರಿಗೆ ಒಂದು ಟೇಬಲ್ ಸ್ಪೂನ್ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮೊದ್ಲೇ ತೇವ ಇರೋ ಮಣ್ಣಿಗೆ ಹಾಕ್ತೀನಿ, ಜಾಸ್ತಿ ಆದ್ರೆ ಬೇರು ಸುಡುತ್ತೆ. ನೀಲಿ ಬೇಕಿದ್ದವರು ಬೋನ್ ಮೀಲ್ (ಮೂಳೆ ಪುಡಿ), ಡಿಎಪಿ ಗೊಬ್ಬರದ ಹತ್ರ ಹೋಗ್ಬೇಡಿ, ಅವುಗಳಲ್ಲಿರೋ ರಂಜಕ (ಫಾಸ್ಫರಸ್) ಅಲ್ಯೂಮಿನಿಯಂನ ಹಿಡಿದಿಟ್ಕೊಂಡು ಬಿಡುತ್ತೆ. ಸಿಮೆಂಟ್ ಗೋಡೆ ಪಕ್ಕ, ಗಡಸು ನೀರು ಹಾಕೋ ಕಡೆ ಮಣ್ಣಿಗೆ ಸುಣ್ಣದಂಶ ಸೇರಿ ಹುಳಿ ಕಮ್ಮಿ ಆಗ್ತಾನೇ ಇರುತ್ತೆ, ಅಂಥ ಕಡೆ ಕುಂಡವೇ ವಾಸಿ. ಮಣ್ಣು ಹುಳಿ ಮಾಡೋಕೆ ಕಾಫಿ ಚರಟ ನಂಬ್ಕೊಂಡು ಕೂರ್ಬೇಡಿ, ಸೋಸಿದ ಮೇಲೆ ಅದರಲ್ಲಿ ಅಷ್ಟೊಂದು ಹುಳಿ ಉಳಿದಿರಲ್ಲ.

ಹೊಸ ಗಿಡ ಮಾಡೋದು ಸುಲಭ. ಹೂ ಇಲ್ಲದ ಎಳೇ ಕಡ್ಡಿ 5 ಇಂಚು, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮೇಲಿನ ದೊಡ್ಡ ಎಲೆಗಳನ್ನ ಅರ್ಧಕ್ಕೆ ಕತ್ತರಿಸಿ ತೇವದ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಡಿ, ನೆರಳಲ್ಲಿಡಿ. 3–4 ವಾರಕ್ಕೆ ಮೆಲ್ಲಗೆ ಎಳೆದು ನೋಡಿ, ಬಿಗಿ ಹಿಡ್ಕೊಂಡಿದ್ರೆ ಬೇರು ಬಂದಿದೆ.