ಮೊದಲನೇ ನೀರು ಮಣ್ಣಿಗೆ

ಮೊದಲ ವಾರವೇ ತಪ್ಪು ಮಾಡಿದೆ. ಭಾನುವಾರದ ಪೂಜೆಯಾದ ಮೇಲೆ ಸ್ಯಾಕ್ರಿಸ್ಟಿಯಿಂದ, ಅಂದರೆ ಚರ್ಚಿನ ಪೂಜಾಸಾಮಗ್ರಿ ಇಡುವ ಕೋಣೆಯಿಂದ, ತಂದ ಬಟ್ಟೆಗಳನ್ನು ಮನೆಯ ಬಚ್ಚಲಲ್ಲಿ ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು ನೆನೆಸಿಟ್ಟೆ. ಅರ್ಧ ಗಂಟೆ ಬಿಟ್ಟು ಆ ನೀರನ್ನು ಮೋರಿಗೆ ಚೆಲ್ಲಿದೆ. ಮಾರನೇ ದಿನ ಇಸ್ತ್ರಿ ಮಾಡಿಕೊಂಡು ಹೋದಾಗ, ಊರಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದ ಉಪದೇಶಿ ತಾತ ಕೇಳಿದರು, "ಮೊದಲನೇ ನೀರು ಎಲ್ಲಿಗೆ ಹಾಕ್ದೆಯವ್ವ?" ಮೋರಿಗೆ ಅಂದೆ. ಬೈಯಲಿಲ್ಲ. ಗುಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಗೋಡೆ ಪಕ್ಕದ ನಂದಿಬಟ್ಟಲು ಗಿಡದ ಬುಡ ತೋರಿಸಿ "ಇಲ್ಲಿಗೆ" ಅಂದರು.

ನಾನು ಟೈಲರ್. ಮೈಸೂರು ಸೀಮೆಯ ಕಥೋಲಿಕ ಕ್ರೈಸ್ತರ ಒಂದು ಸಣ್ಣ ಧರ್ಮಕೇಂದ್ರ ನಮ್ಮದು. ಬಲಿಪೀಠದ ಹಾಸಿನ ಅಂಚು ಬಿಚ್ಚಿಕೊಂಡಿದೆ, ಹೊಲಿದುಕೊಡು ಎಂದು ನಮ್ಮ ಗುರು ಸ್ವಾಮಿಗಳು ಕರೆದದ್ದೇ ನೆಪ, ಅಲ್ಲಿಂದ ಇಡೀ ಬಟ್ಟೆಯ ಬೀರುವೇ ನನ್ನ ಕೈಗೆ ಬಂತು. ಒಂದು ಕಡೆ ಕೂತು ಜಪಸರದ ಐವತ್ಮೂರು 'ನಮೋ ಮರಿಯಾ' ಮುಗಿಸುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಕೈಗೆ ಕೆಲಸ ಸಿಕ್ಕಿದರೆ ಬಾಯಿ ತಾನಾಗಿ ಹೇಳುತ್ತದೆ.

ಬಟ್ಟೆಗಳಲ್ಲಿ ಮುಖ್ಯವಾದವು ಎರಡು. ಕಾರ್ಪೊರಲ್ ಚೌಕದ ಬಿಳಿ ಬಟ್ಟೆ. ಬಲಿಪೀಠದ ಮೇಲೆ ಹಾಸಿ, ಪಾನಪಾತ್ರೆ ಮತ್ತು ರೊಟ್ಟಿಯ ತಟ್ಟೆಯನ್ನು ಅದರ ಮೇಲಿಡುತ್ತಾರೆ. ಪ್ಯೂರಿಫಿಕೇಟರ್ ಎಂದರೆ ಪಾತ್ರೆ ಒರೆಸುವ ಉದ್ದನೆಯ ಬಟ್ಟೆ. ಕಾರ್ಪೊರಲ್ಲನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆ ಮಾಡಬೇಕು, ಬಿಡಿಸಿದರೆ ಒಂಬತ್ತು ಮನೆ ಕಾಣಬೇಕು. ಎಲ್ಲ ಮಡಿಕೆಯೂ ಒಳಮುಖವಾಗಿಯೇ. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ, ಒಂದು ಚೂರು ಉದುರಿದ್ದರೂ ಅದು ಒಳಗೇ ಉಳಿಯಲಿ, ಕೊಡವಿ ನೆಲಕ್ಕೆ ಬೀಳದಿರಲಿ ಎಂದು. ಬರಿಯ ಶಾಸ್ತ್ರ ಅಂದುಕೊಂಡಿದ್ದೆ, ನೋಡಿದರೆ ಇದು ನಮ್ಮ ಕಸುಬಿನವರ ಬುದ್ಧಿಯೇ. ಜರಿ ಕತ್ತರಿಸುವಾಗ ನಾನೂ ಚೂರು ಬೀಳದಂತೆ ಬಟ್ಟೆಯನ್ನು ಹೀಗೇ ಒಳಗೆ ಮಡಚುತ್ತೇನೆ.

ಮೊದಲನೇ ನೀರಲ್ಲೂ ಆ ಚೂರು ಇರಬಹುದಲ್ಲ, ಅದಕ್ಕೇ ಅದು ಮೋರಿಗೆ ಹೋಗಬಾರದು. ಇದೂ ತಾತನ ಮನೆಯ ಪದ್ಧತಿಯಲ್ಲ. ರೋಮ್ 2004ರಲ್ಲಿ ಹೊರಡಿಸಿದ ಸೂಚನೆಯಲ್ಲೇ ಇದೆ: ಮೊದಲ ಸಲ ಕೈಯಲ್ಲೇ ಜಾಲಾಡಿಸಬೇಕು, ಆ ನೀರು ಮಣ್ಣಿಗೆ ಹೋಗಬೇಕು, ಆಮೇಲೆ ಎಂದಿನಂತೆ ಒಗೆಯಬಹುದು. ದೊಡ್ಡ ದೇವಾಲಯಗಳಲ್ಲಿ ಇದಕ್ಕೆಂದೇ ತೊಟ್ಟಿ ಇರುತ್ತದೆ, ಅದರ ಪೈಪು ಚರಂಡಿ ಸೇರದೆ ನೇರ ನೆಲಕ್ಕೆ ಇಳಿಯುತ್ತದೆ. ನಮಗೆ ಆ ನಂದಿಬಟ್ಟಲೇ ತೊಟ್ಟಿ. ಆ ಗಿಡದ ಹೂವನ್ನು ಯಾರೂ ಮುಡಿಯುವುದಿಲ್ಲ. ಮುಡಿಯಬಾರದು ಎಂದು ಯಾರೂ ಹೇಳಿಲ್ಲ, ಆದರೂ.

ಈಗ ನಾನು ಮಾಡುವುದು ಹೀಗೆ. ಶನಿವಾರ ಸಂಜೆಯ ಮತ್ತು ಭಾನುವಾರದ ಬಟ್ಟೆ ಸೇರಿಸಿ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಆ ನೀರು ಗಿಡಕ್ಕೆ. ದ್ರಾಕ್ಷಾರಸದ ಕಲೆ ಉಳಿದಿದ್ದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ. ಮೇಣ ಬಿದ್ದಿದ್ದರೆ ಆರಿ ಗಟ್ಟಿಯಾದ ಮೇಲೆ ಉಗುರಲ್ಲಿ ಕೆರೆದು, ಮೇಲೊಂದು ಕೆಳಗೊಂದು ಹಳೇ ಪೇಪರ್ ಇಟ್ಟು ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಪೇಪರೇ ಹೀರಿಕೊಳ್ಳುತ್ತದೆ. ಕಾರ್ಪೊರಲ್ಲಿಗೆ ಗಂಜಿ ಹಾಕುತ್ತೇನೆ, ಪ್ಯೂರಿಫಿಕೇಟರಿಗೆ ಹಾಕುವುದಿಲ್ಲ. ಗಂಜಿ ಹಾಕಿದ ಬಟ್ಟೆ ನೀರು ಹೀರುತ್ತದೆಯೇ? ಯಾರೋ ಪುಣ್ಯಾತ್ಮರು ಹನ್ನೆರಡು ಹೊಸದು ಕಾಣಿಕೆ ಕೊಟ್ಟರು, ಮುಟ್ಟಿದ ಕೂಡಲೇ ಪಾಲಿಯೆಸ್ಟರ್ ಅಂತ ಗೊತ್ತಾಯಿತು. ಪಾತ್ರೆಯ ಮೇಲೆ ಜಾರುತ್ತದೆ, ಒರೆಸುವುದಿಲ್ಲ. ಅವರಿಗೆ ಹೇಳಲಿಲ್ಲ, ಕೈ ತೊಳೆದು ಒರೆಸಿಕೊಳ್ಳಲು ಇಟ್ಟಿದ್ದೇನೆ.

ಪಾನಪಾತ್ರೆಯದು ಇನ್ನೊಂದು ಕಥೆ. ಒಂದು ಹಬ್ಬದ ಮುನ್ನಾದಿನ, ಫಳಫಳ ಹೊಳೆಯಲಿ ಎಂದು ಹುಣಸೆಹಣ್ಣು, ರಂಗೋಲಿ ಪುಡಿ ತೆಗೆದುಕೊಂಡು ಮನೆಯ ತಾಮ್ರದ ಚೊಂಬು ಬೆಳಗುವ ಹಾಗೆ ತಿಕ್ಕಿದೆ. ಹೊರಗೇನೋ ಹೊಳೆಯಿತು. ಒಳಗೆ, ತಳದಲ್ಲಿ, ನಾಲ್ಕಾಣೆ ಅಗಲ ಗಿಲೀಟು ಹೋಗಿ ಹಿತ್ತಾಳೆ ಇಣುಕಿತು. ತುಕ್ಕು ಹಿಡಿಯುವ, ಕಿಲುಬು ಕಟ್ಟುವ ಲೋಹದ ಪಾತ್ರೆಗೆ ಸಾಮಾನ್ಯವಾಗಿ ಒಳಗಡೆ ಚಿನ್ನದ ಲೇಪ ಇರಬೇಕು ಎಂಬುದು ನಿಯಮ. ಗಾಜು, ಮಣ್ಣಿನಂಥ ಒಡೆಯುವ ಪಾತ್ರೆಯಂತೂ ಬೇಡವೇ ಬೇಡ. ಸ್ವಾಮಿಗಳು ಏನೂ ಅನ್ನದೆ ಹಳೇ ಬೆಳ್ಳಿ ಪಾತ್ರೆ ತೆಗೆದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ ಗಿಲೀಟು ಮಾಡಿಸಲು ದುಡ್ಡು ಬೇಕಿತ್ತು. ನಮ್ಮ ಬೀದಿಯ ಕುಟುಂಬಗಳು ತಿಂಗಳ ಪ್ರಾರ್ಥನೆಗೆ ಸೇರಿದಾಗ ನಾನೇ ತಪ್ಪೊಪ್ಪಿಕೊಂಡೆ. ಒಬ್ಬರು ಅಜ್ಜಿ ಮೂಗುಬೊಟ್ಟು ಬಿಚ್ಚಲು ಹೊರಟರು. "ಅಜ್ಜಿ, ಅದನ್ನ ಕರಗಿಸಿ ಹಚ್ಚೋದಲ್ಲ, ಕರೆಂಟಲ್ಲಿ ಹಿಡಿಸ್ತಾರೆ" ಎಂದು ಹುಡುಗರು ನಕ್ಕರು. ಮೂಗುಬೊಟ್ಟು ಮೂಗಲ್ಲೇ ಉಳಿಯಿತು, ದುಡ್ಡು ಎರಡು ವಾರದಲ್ಲಿ ಕೂಡಿತು. ಈಗ ಬಿಸಿನೀರು, ಮೆತ್ತನೆ ಬಟ್ಟೆ, ಅಷ್ಟೇ.

ತಪಸ್ಸುಕಾಲ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ, ಶುರುವಾಗುವ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುವುದೂ ನನ್ನ ಪಾಲಿನದು. ಹಿಂದಿನ ವರ್ಷದ ಗರಿಗಳ ಭಾನುವಾರ ಮಂತ್ರಿಸಿದ ಗರಿಯನ್ನು ಜನ ಬಾಗಿಲ ಮೇಲೋ ಶಿಲುಬೆಯ ಹಿಂದೋ ಸಿಕ್ಕಿಸಿಟ್ಟಿರುತ್ತಾರೆ. ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ ಅವನ್ನು ತಂದು ಬುಟ್ಟಿಗೆ ಹಾಕುತ್ತಾರೆ. ಕೆಲವಕ್ಕೆ ಅಡುಗೆಮನೆ ಹೊಗೆ ಹಿಡಿದಿರುತ್ತದೆ, ಕೆಲವದರಲ್ಲಿ ಹಲ್ಲಿ ಮೊಟ್ಟೆ. ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಆರಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇನೆ. ಒಂದು ಬುಟ್ಟಿ ಗರಿಗೆ ಒಂದು ಬೊಗಸೆ ಬೂದಿಯೂ ಸಿಗುವುದಿಲ್ಲ. ಒಮ್ಮೆ ನೀರು ಹಾಕಿ ಕಲಸಿದ್ದೆ, ಇಬ್ಬರು ಮಕ್ಕಳ ಹಣೆ ಕೆಂಪಾಯಿತು. ಬೂದಿನೀರು ಅಂದರೆ ಚೌಳು ತಾನೇ, ನಮ್ಮಜ್ಜಿ ಬಟ್ಟೆ ಒಗೆಯುತ್ತಿದ್ದದ್ದೇ ಅದರಲ್ಲಿ. ಇದು ನನಗೆ ಹೊಳೆಯದೇ ಹೋಯಿತಲ್ಲ ಎಂದು ನಾಚಿಕೆಯಾಯಿತು. ಆಮೇಲಿಂದ ಒಣಬೂದಿಯೇ.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಜನನದ ಹಬ್ಬ. ಬೆಂಗಳೂರು ಶಿವಾಜಿನಗರದ ಬೆಸಿಲಿಕದಲ್ಲಿ ಮಾತೆಗೆ ಸೀರೆ ಉಡಿಸುವುದನ್ನು ನೋಡಿಬಂದವರು ನಮ್ಮಲ್ಲೂ ಶುರು ಮಾಡಿದರು. ಹರಕೆ ಸೀರೆ ಕೊಡುವವರಲ್ಲಿ ನಮ್ಮವರಲ್ಲದವರೂ ಇದ್ದಾರೆ, ಆಚೆ ಬೀದಿಯ ಗೌಡರ ಮನೆಯಿಂದ ಪ್ರತಿ ವರ್ಷ ಒಂದು ಬರುತ್ತದೆ. ಪ್ರತಿಮೆ ನಾಲ್ಕಡಿ, ಸೀರೆ ಆರು ಗಜ. ಕತ್ತರಿಸುವಂತಿಲ್ಲ, ಯಾಕೆಂದರೆ ಹಬ್ಬ ಕಳೆದ ಮೇಲೆ ಅದು ಯಾರದಾದರೂ ಮದುವೆಗೆ ಹೋಗುತ್ತದೆ. ಹೆಚ್ಚಿನ ಉದ್ದವನ್ನು ಸೊಂಟದಲ್ಲಿ ಒಳಕ್ಕೆ ಮಡಚಿ, ನೆರಿಗೆಯನ್ನು ಮೊದಲೇ ದೊಡ್ಡ ಹೊಲಿಗೆಯಲ್ಲಿ ಹಿಡಿದಿಟ್ಟು, ಲಾಡಿ ಕಟ್ಟಿ ಉಡಿಸುತ್ತೇನೆ. ಪಿನ್ನನ್ನು ಬಟ್ಟೆಗೆ ಮಾತ್ರ ಚುಚ್ಚಬೇಕು, ಪ್ರತಿಮೆಯ ಬಣ್ಣಕ್ಕೆ ತಾಗಬಾರದು. ಇದರಲ್ಲಿ ಕಷ್ಟವಾದದ್ದು ಹೊಲಿಗೆಯಲ್ಲ, ಹಬ್ಬದ ದಿನ ಯಾರ ಸೀರೆ ಎಂಬ ಜಗಳ. ಎರಡು ಮನೆಯವರು ಒಂದು ವರ್ಷ ಮಾತೇ ಬಿಟ್ಟಿದ್ದರು. ಈಗ ಚೀಟಿ ಎತ್ತುತ್ತೇವೆ. ಹಬ್ಬಕ್ಕೆ ಮುಂಚಿನ ನೊವೆನ ಪ್ರಾರ್ಥನೆಯ ಒಂಬತ್ತು ದಿನಕ್ಕೂ ಒಂದೊಂದು ಸೀರೆ, ಹಬ್ಬಕ್ಕೊಂದು. ಜಗಳ ಪೂರ್ತಿ ನಿಂತಿಲ್ಲ, ಈಗ ಐದನೇ ದಿನಕ್ಕೆ ಸಂಜೆ ಮಳೆ ಬಂದು ಜನ ಕಡಿಮೆಯಾದರೆ ಆ ಮನೆಯವರ ಮುಖ ಸಪ್ಪಗಾಗುತ್ತದೆ.

ಉಪದೇಶಿ ತಾತನಿಗೆ ಈಗ ಕಣ್ಣು ಕಾಣುವುದಿಲ್ಲ. ಲತೀನ್ ಪೂಜೆಯ ಕಾಲದಲ್ಲಿ ಗುರುಗಳಿಗೆ ನೆರವಾಗುವ ಪೀಠಬಾಲಕರಾಗಿದ್ದವರು, ಆಗ ಪೂಜೆಯಲ್ಲಿ ಹೇಳುತ್ತಿದ್ದ ಲತೀನ್ ಉತ್ತರಗಳನ್ನು ಈಗಲೂ ಒಂದೇ ಉಸಿರಿಗೆ ಹೇಳುತ್ತಾರೆ. ಪಾಸ್ಖಕ್ಕೆ ಮುಂಚಿನ ಪವಿತ್ರ ಗುರುವಾರ ಸಂಜೆಯ ಪೂಜೆಯಾಗಿ, ಬಲಿಪೀಠದ ಹಾಸೆಲ್ಲ ತೆಗೆದು ಬರಿದು ಮಾಡಿ, ಗಂಟೆಯೂ ಮೌನವಾದ ಮೇಲೆ, ಪಾಸ್ಖಕ್ಕೆ ಸಿದ್ಧಮಾಡಿದ ಹೊಸ ಕಾರ್ಪೊರಲ್ಲನ್ನು ಅವರ ಮನೆಗೆ ಒಯ್ಯುತ್ತೇನೆ. ಕೈ ತೊಳೆದುಕೊಂಡು ಬಂದು, ಮಂಚದ ಮೇಲೆ ಕೂತು, ತೊಡೆಯ ಮೇಲೆ ಬಿಡಿಸಿ ಒಂದೊಂದೇ ಮನೆಯನ್ನು ಬೆರಳಲ್ಲಿ ಎಣಿಸುತ್ತಾರೆ. ಹೋದ ಸಲ ಒಂಬತ್ತೂ ಎಣಿಸಿದ ಮೇಲೆ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಅಂದರು:

"ಗಂಜಿ ಒಂಚೂರು ಜಾಸ್ತಿ ಆಯ್ತು ಕಣವ್ವ."