ಕೀಲಿ ಒತ್ತಿದರೂ ‘ಕ’ ಮೂಡುತ್ತಿಲ್ಲವೇ? ಎಕ್ಸ್‌ಇವಿ ಓಡಿಸಿ ನೋಡಿ

ಲಿನಕ್ಸ್‌ನಲ್ಲಿ ಕನ್ನಡ ಟೈಪಿಸುವಾಗ ಅಕ್ಷರ ಮೂಡದಿದ್ದರೆ ಹಲವರು ಕೀಲಿಮಣೆಯನ್ನೇ ಬದಲಿಸಲು ಹೊರಡುತ್ತಾರೆ. ಅವಸರ ಬೇಡ. ತಪ್ಪು ಕೀಲಿಯದೋ, ಯಾವ ಕೀಲಿಗೆ ಯಾವ ಅಕ್ಷರ ಎಂದು ಹೇಳುವ ವಿನ್ಯಾಸದ್ದೋ, ಬಳಸುತ್ತಿರುವ ತಂತ್ರಾಂಶದ್ದೋ ಎಂದು ಪತ್ತೆ ಹಚ್ಚಲು ಎಕ್ಸ್‌ಇವಿ ಎಂಬ ಪುಟ್ಟ ಸಾಧನವಿದೆ. ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್11 ವಿಂಡೋ ವ್ಯವಸ್ಥೆ ಒಂದು ಕಿಟಕಿಗೆ ಕಳುಹಿಸುವ ಪ್ರತಿ ಘಟನೆಯನ್ನೂ (ಕೀಲಿ ಒತ್ತಿದ್ದು, ಮೌಸ್ ಅಲುಗಿದ್ದು ಇತ್ಯಾದಿ) ಅದು ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಬರೆದು ತೋರಿಸುತ್ತದೆ.

ಉಬುಂಟು, ಡೆಬಿಯನ್ ಬಳಸುವವರು ‘ಎಕ್ಸ್11-ಯುಟಿಲ್ಸ್’ (x11-utils) ಪ್ಯಾಕೇಜನ್ನು ಸ್ಥಾಪಿಸಿಕೊಳ್ಳಬೇಕು. ಬಳಿಕ ಟರ್ಮಿನಲ್‌ನಲ್ಲಿ ‘ಎಕ್ಸ್‌ಇವಿ -ಇವೆಂಟ್ ಕೀಬೋರ್ಡ್’ ಎಂದು ಕೊಡಿ (ಆದೇಶವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪಿಸಬೇಕು: xev -event keyboard). ಕೊನೆಯ ಎರಡು ಪದಗಳನ್ನು ಬಿಡಬೇಡಿ. ಬಿಟ್ಟರೆ ಮೌಸ್ ತುಸು ಅಲುಗಿದರೂ ಸಾಲುಗಳು ಸುರಿದು, ಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ.

ಬಿಳಿಯ ಸಣ್ಣ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ, ಇಂಗ್ಲಿಷ್ ವಿನ್ಯಾಸದಲ್ಲಿದ್ದಾಗಲೇ ‘ಕೆ’ ಕೀಲಿಯನ್ನು ಒತ್ತಿ ಬಿಡಿ. ‘ಕೀಪ್ರೆಸ್’, ‘ಕೀರಿಲೀಸ್’ ಎಂಬ ಎರಡು ಘಟನೆಗಳು ಬರಬೇಕು. ಏನೂ ಬರದಿದ್ದರೆ ಕೀಲಿ ಕೆಟ್ಟಿರಬಹುದು, ಇಲ್ಲವೇ ಡೆಸ್ಕ್‌ಟಾಪ್ ಅದನ್ನು ಶಾರ್ಟ್‌ಕಟ್ ಆಗಿ ಮೊದಲೇ ಕಸಿದುಕೊಂಡಿರಬಹುದು.

ಬಂದ ಸಾಲುಗಳಲ್ಲಿ ‘ಕೀಕೋಡ್’ ಹುಡುಕಿ. ಸಾಮಾನ್ಯ ಪಿಸಿ ಕೀಲಿಮಣೆಯಲ್ಲಿ ಅದು 45. ಇದು ಕೀಲಿಯ ಗುರುತು, ಭಾಷೆ ಬದಲಾದರೂ ಬದಲಾಗದು. ಪಕ್ಕದ ‘ಕೀಸಿಮ್’, ಅಂದರೆ ಆ ಕೀಲಿಯಿಂದ ಮೂಡುವ ಅಕ್ಷರದ ಗುರುತು ಮಾತ್ರ ವಿನ್ಯಾಸದ ಜೊತೆ ಬದಲಾಗುತ್ತದೆ. ಈಗ ವಿನ್ಯಾಸವನ್ನು ಕನ್ನಡ ಇನ್‌ಸ್ಕ್ರಿಪ್ಟ್‌ಗೆ ಬದಲಿಸಿ ಅದೇ ಕೀಲಿಯನ್ನು ಒತ್ತಿ. ಕೀಸಿಮ್ ಹೆಸರು ‘ಯು0ಸಿ95’ ಎಂದಾಗಬೇಕು; 0ಸಿ95 ಎಂಬುದು ಯುನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ. ಅದರ ಕೆಳಗೆ ಅದೇ ಅಕ್ಷರವನ್ನು ಸೂಚಿಸುವ ಮೂರು ಬೈಟ್‌ಗಳು: ಇ0, ಬಿ2, 95. ಇಷ್ಟು ಕಂಡರೆ ಕೀಲಿಯೂ ವಿನ್ಯಾಸವೂ ಸರಿಯಾಗಿವೆ, ತೊಂದರೆ ಇರುವುದು ನಿಮ್ಮ ತಂತ್ರಾಂಶದಲ್ಲಿ. ಕೀಕೋಡ್ 45 ಇದ್ದು ಕೀಸಿಮ್ ಇನ್ನೂ ಇಂಗ್ಲಿಷಿನದೇ ಆಗಿದ್ದರೆ ವಿನ್ಯಾಸ ಬದಲಾಗಿಯೇ ಇಲ್ಲ.

‘ಎಕ್ಸ್‌ಫಿಲ್ಟರ್‌ಇವೆಂಟ್’ ಸಾಲನ್ನೂ ಓದಿ. ಅಲ್ಲಿ ‘ಟ್ರೂ’ ಎಂದಿದ್ದರೆ ಐಬಸ್‌ನಂತಹ ಇನ್‌ಪುಟ್ ಮೆಥಡ್ (ಒತ್ತಿದ ಕೀಲಿಗಳನ್ನು ಅಕ್ಷರವಾಗಿಸುವ ತಂತ್ರಾಂಶ) ನಡುವೆ ಕೈಹಾಕಿದೆ. ಆಗ ಹುಡುಕಾಟ ಐಬಸ್ ಸೆಟ್ಟಿಂಗ್ಸ್‌ನಿಂದ ಶುರುವಾಗಲಿ.

ಮೌಸ್‌ಗೂ ಇದೇ ಪರೀಕ್ಷೆ ನಡೆಯುತ್ತದೆ. ಆದೇಶದಲ್ಲಿ ‘ಕೀಬೋರ್ಡ್’ ಬದಲು ‘ಬಟನ್’ ಎಂದು ಕೊಡಿ. ಎಡಗುಂಡಿ 1, ಬಲಗುಂಡಿ 3, ಚಕ್ರ ಮೇಲಕ್ಕೆ ತಿರುಗಿದರೆ 4, ಕೆಳಕ್ಕೆ 5. ಒಮ್ಮೆ ಒತ್ತಿದ್ದಕ್ಕೆ ಎರಡು ‘ಬಟನ್‌ಪ್ರೆಸ್’ ಬಂದರೆ ಗುಂಡಿಯ ಸ್ವಿಚ್ ಸವೆದಿರುವ ಸಂಭವ ಹೆಚ್ಚು.

ಎಕ್ಸ್‌ಇವಿ ಓಡುತ್ತಿರುವಾಗ ಅದರ ಕಿಟಕಿಯಲ್ಲಿ ಪಾಸ್‌ವರ್ಡ್ ಮಾತ್ರ ಟೈಪಿಸಬೇಡಿ. ಒಂದೊಂದು ಅಕ್ಷರವೂ ಟರ್ಮಿನಲ್‌ನಲ್ಲಿ ಅಚ್ಚಾಗುತ್ತದೆ. ನಿಮ್ಮ ಡೆಸ್ಕ್‌ಟಾಪ್ ಎಕ್ಸ್11ರ ಬದಲು ಬಂದಿರುವ ವೇಲ್ಯಾಂಡ್ ಆಧಾರಿತವಾಗಿದ್ದರೆ ಎಕ್ಸ್‌ಇವಿ, ಎಕ್ಸ್11 ತಂತ್ರಾಂಶಗಳನ್ನು ಅಲ್ಲಿ ನಡೆಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವುದರಿಂದ ಪೂರ್ತಿ ಚಿತ್ರ ಸಿಗದು. ಅಲ್ಲಿ ಇದೇ ಕೆಲಸಕ್ಕೆ ‘ಡಬ್ಲ್ಯುಇವಿ’ (wev) ಇದೆ. ತಂತ್ರಾಂಶ ರೂಪಿಸಿದವರಿಗೆ ದೂರು ಬರೆಯುವುದಾದರೆ ‘ಕನ್ನಡ ಬರುತ್ತಿಲ್ಲ’ ಎಂದಷ್ಟೇ ಬರೆಯದೆ, ವಿನ್ಯಾಸದ ಹೆಸರಿನೊಂದಿಗೆ ಈ ಸಾಲುಗಳನ್ನು ಹಾಗೆಯೇ ನಕಲಿಸಿ ಕಳುಹಿಸಿ.