ಎಂಆರ್‌ಎಸ್‌ಎ ಎದುರು ಆಂಟಿಸೆಪ್ಟಿಕ್ ಕೆಲಸ ಮಾಡುತ್ತಿದೆಯೇ? ಲ್ಯಾಬಿನಲ್ಲೇ ಪರೀಕ್ಷಿಸುವ ಕ್ರಮ

ಆಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಆಂಟಿಸೆಪ್ಟಿಕ್‌ಗೂ ಜಗ್ಗಲಾರದು ಎಂದೇನಿಲ್ಲ. ಎಂಆರ್‌ಎಸ್‌ಎ ಎಂದರೆ ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್. ಆಂಟಿಸೆಪ್ಟಿಕ್ ಅನ್ನು ಜೀವಕೋಶದಿಂದ ಹೊರದಬ್ಬುವ ಕ್ಯುಎಸಿ ಜೀನ್ ಇರುವ ಎಂಆರ್‌ಎಸ್‌ಎ ತಳಿಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಆಂಟಿಸೆಪ್ಟಿಕ್‌ನ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಏರುವುದು ನಿಜ. ಆದರೆ ಏರಿದ ಮೇಲೂ ಅದು ಮಿ.ಲೀ.ಗೆ ಕೆಲವೇ ಮೈಕ್ರೋಗ್ರಾಂ. ಚರ್ಮಕ್ಕೆ ಹಚ್ಚುವ 2% ದ್ರಾವಣದಲ್ಲಿರುವುದು 20,000 ಮೈಕ್ರೋಗ್ರಾಂ. ಹಾಗಾಗಿ ಎಂಐಸಿ ನೋಡಿ ತೀರ್ಪು ಕೊಡಬೇಡಿ. ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲಿಟ್ಟ ಆಂಟಿಸೆಪ್ಟಿಕ್ ಡಿಸ್ಕ್ ಸುತ್ತಲಿನ ಖಾಲಿ ವೃತ್ತವನ್ನಂತೂ ನೆಚ್ಚಲೇಬೇಡಿ: ಕ್ಲೋರ್‌ಹೆಕ್ಸಿಡಿನ್ ಅಗಾರ್‌ಗೆ ಅಂಟಿಕೊಳ್ಳುತ್ತದೆ, ಸರಿಯಾಗಿ ಹರಡುವುದಿಲ್ಲ. ಬೇಕಾದದ್ದು ಸಸ್ಪೆನ್ಷನ್ ಟೆಸ್ಟ್, ಅಂದರೆ ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾಗೆ ಆಂಟಿಸೆಪ್ಟಿಕ್ ಬೆರೆಸಿ ಎಷ್ಟು ಉಳಿದವೆಂದು ಎಣಿಸುವುದು. ಯುರೋಪಿನ ಇಎನ್ 13727 ಮಾನದಂಡದ ಜಾಡು ಹೀಗಿದೆ.

ವಾರ್ಡಿನಿಂದ ಬಂದ ತಳಿಯ ಜೊತೆಗೆ ಎಟಿಸಿಸಿ 6538 ಸ್ಟ್ಯಾಫಿಲೊಕಾಕಸ್ ಆರಿಯಸ್ (ಲ್ಯಾಬ್‌ಗಳು ಬಳಸುವ ಪ್ರಮಾಣಿತ ತಳಿ) ಅನ್ನೂ ಹೋಲಿಕೆಗೆ ಇಟ್ಟುಕೊಳ್ಳಿ. ಮ್ಯಾಕ್‌ಫರ್ಲೆಂಡ್ (ದ್ರವ ಎಷ್ಟು ಕದಡಿದೆ ಎಂದು ತಿಳಿಸುವ ಮಾಪನ) 1ರಷ್ಟು ಮಂದವಾದ ಸಸ್ಪೆನ್ಷನ್ ಮಾಡಿ, ಮಿ.ಲೀ.ಗೆ ಸುಮಾರು 30 ಕೋಟಿ ಬ್ಯಾಕ್ಟೀರಿಯಾ ಸಿಗುತ್ತದೆ. ಕಣ್ಣಂದಾಜು ಸಾಲದು, ಪ್ಲೇಟ್ ಮಾಡಿ (ಅಗಾರ್ ಮೇಲೆ ಬೆಳೆಸಿ) ಕಾಲೊನಿ ಎಣಿಸಿ. 20 ಡಿಗ್ರಿಯಲ್ಲಿ ಇದರ 1 ಮಿ.ಲೀ.ಗೆ 1 ಮಿ.ಲೀ. ಆಲ್ಬುಮಿನ್ ದ್ರಾವಣ (ಕೊಳೆಗೆ ಬದಲಿಯಾದ ಪ್ರೋಟೀನ್, ಲೀಟರಿಗೆ 3 ಗ್ರಾಂ) ಸೇರಿಸಿ 2 ನಿಮಿಷ ಬಿಡಿ. ಬಳಿಕ 8 ಮಿ.ಲೀ. ಆಂಟಿಸೆಪ್ಟಿಕ್ ಹಾಕಿ ಗಡಿಯಾರ ಶುರು ಮಾಡಿ. ಲೇಬಲ್ ಹೇಳಿದ ಹೊತ್ತು ಮುಗಿದ ಕೂಡಲೇ 1 ಮಿ.ಲೀ. ತೆಗೆದು, 8 ಮಿ.ಲೀ. ನ್ಯೂಟ್ರಲೈಸರ್ (ಆಂಟಿಸೆಪ್ಟಿಕ್‌ನ ಕೆಲಸ ನಿಲ್ಲಿಸುವ ದ್ರಾವಣ) ಮತ್ತು 1 ಮಿ.ಲೀ. ನೀರು ಇರುವ ಟ್ಯೂಬಿಗೆ ಬಿಡಿ. 5 ನಿಮಿಷದ ನಂತರ 1 ಮಿ.ಲೀ. ಪ್ಲೇಟಿಗೆ.

ಹತ್ತು ಮಿ.ಲೀ.ಯಲ್ಲಿ ಆಂಟಿಸೆಪ್ಟಿಕ್ ಎಂಟೇ ಮಿ.ಲೀ. ಎಂಬುದು ನೆನಪಿರಲಿ: 0.5% ಪರೀಕ್ಷಿಸಬೇಕಾದರೆ 0.625% ತಯಾರಿಸಿ. ತೆಳು ಮಾಡಲು ಸಲೈನ್ ಬೇಡ, ಕ್ಲೋರ್‌ಹೆಕ್ಸಿಡಿನ್ ಗಸಿಯಾಗಿ ತಳ ಸೇರುತ್ತದೆ. 70% ಆಲ್ಕೋಹಾಲ್ ಈ ವಿಧಾನದಲ್ಲಿ 56%ಕ್ಕೆ ಇಳಿದು ಸುಮ್ಮನೆ ಫೇಲ್ ಆದೀತು. ಅದಕ್ಕೆ 9.7 ಮಿ.ಲೀ. ಆಲ್ಕೋಹಾಲ್, 0.2 ಮಿ.ಲೀ. ಐದು ಪಟ್ಟು ಗಟ್ಟಿ ಆಲ್ಬುಮಿನ್, 0.1 ಮಿ.ಲೀ. ಹತ್ತು ಪಟ್ಟು ಮಂದ ಸಸ್ಪೆನ್ಷನ್ ಎಂಬ ಇನ್ನೊಂದು ಅಳತೆ ಇದೆ.

ಹೆಚ್ಚಿನವರು ಎಡವುವುದು ನ್ಯೂಟ್ರಲೈಸರ್‌ನಲ್ಲಿ. ಅದು ದುರ್ಬಲವಾಗಿದ್ದರೆ ಆಂಟಿಸೆಪ್ಟಿಕ್ ಪ್ಲೇಟಿನ ಮೇಲೂ ಕೊಲ್ಲುತ್ತಲೇ ಇರುತ್ತದೆ. ಸೊನ್ನೆ ಕಾಲೊನಿ ನೋಡಿ ನಾವು ಹಿಗ್ಗುತ್ತೇವೆ. ನ್ಯೂಟ್ರಲೈಸರ್‌ನಲ್ಲಿ ಇರಬೇಕಾದದ್ದು: ಲೀಟರಿಗೆ ಪಾಲಿಸಾರ್ಬೇಟ್-80 ಎಂಬುದು 30 ಗ್ರಾಂ, ಲೆಸಿಥಿನ್ 3 ಗ್ರಾಂ, ಹಿಸ್ಟಿಡಿನ್ 1 ಗ್ರಾಂ, ಅಯೋಡಿನ್‌ಗಾಗಿ ಸೋಡಿಯಂ ಥಯೋಸಲ್ಫೇಟ್ 5 ಗ್ರಾಂ. ಲೆಸಿಥಿನ್ ನೀರಿಗೆ ನೇರ ಸುರಿದರೆ ಗಂಟುಗಟ್ಟುತ್ತದೆ, ಮೊದಲು ಬೆಚ್ಚಗಿನ ಪಾಲಿಸಾರ್ಬೇಟ್‌ನಲ್ಲಿ ಕದಡಿಕೊಳ್ಳಿ. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಬ್ಯಾಕ್ಟೀರಿಯಾ ಬದಲು ನೀರು ಹಾಕಿದ ಪರೀಕ್ಷಾ ಮಿಶ್ರಣದ 1 ಮಿ.ಲೀ.ಯನ್ನು 8 ಮಿ.ಲೀ. ನ್ಯೂಟ್ರಲೈಸರ್‌ಗೆ ಬಿಟ್ಟು, 5 ನಿಮಿಷ ಕಾದು, ಮಿ.ಲೀ.ಗೆ 1,000 ಬ್ಯಾಕ್ಟೀರಿಯಾ ಇರುವ ಸಸ್ಪೆನ್ಷನ್ 1 ಮಿ.ಲೀ. ಸೇರಿಸಿ. ಅರ್ಧ ಗಂಟೆಯ ನಂತರ 1 ಮಿ.ಲೀ. ಪ್ಲೇಟ್ ಮಾಡಿದರೆ ನೂರರ ಆಸುಪಾಸು ಕಾಲೊನಿ ಬರಬೇಕು. ಐವತ್ತಕ್ಕಿಂತ ಕಡಿಮೆಯಾದರೆ ಇಡೀ ಪರೀಕ್ಷೆ ರದ್ದು.

ಪಾಸಾಗಲು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ಉಳಿಯಬಾರದು. 30 ಕೋಟಿಯಿಂದ ಶುರುವಾದರೆ ಮಿಶ್ರಣದಲ್ಲಿ ಮಿ.ಲೀ.ಗೆ 3 ಕೋಟಿ, ಉಳಿಯಬಹುದಾದದ್ದು 300, ನ್ಯೂಟ್ರಲೈಸರ್‌ನಲ್ಲಿ ಹತ್ತು ಪಟ್ಟು ತೆಳುವಾಗಿ ಪ್ಲೇಟಿನಲ್ಲಿ 30 ಕಾಲೊನಿ. ಅದೇ ಗೆರೆ.

ಹೋಲಿಕೆಯ ತಳಿಯೂ ಫೇಲಾದರೆ ದೋಷ ದ್ರಾವಣದ್ದು ಅಥವಾ ಅಳತೆಯದು. ಎರಡೂ ಪಾಸಾಗಿ ವಾರ್ಡಿನಲ್ಲಿ ಮಾತ್ರ ಸೋಂಕು ನಿಲ್ಲದಿದ್ದರೆ, ಒಣಗುವ ಮೊದಲೇ ಒರೆಸುತ್ತಿದ್ದಾರೆಯೇ, ಸೋಪು ಪೂರ್ತಿ ತೊಳೆಯದೆ ಅದರ ಮೇಲೇ ಕ್ಲೋರ್‌ಹೆಕ್ಸಿಡಿನ್ ಹಚ್ಚುತ್ತಿದ್ದಾರೆಯೇ ನೋಡಿ. ಆನಯಾನಿಕ್ (ಋಣ ವಿದ್ಯುದಂಶದ) ಸೋಪು ಅದರ ಶಕ್ತಿ ಕುಂದಿಸುತ್ತದೆ. ಕೊನೆಗೆ, ಖಾಲಿಯಾದಂತೆಲ್ಲ ಮೇಲಿಂದ ತುಂಬುತ್ತ ಬಂದ ಬಾಟಲಿಯಿಂದಲೇ 1 ಮಿ.ಲೀ. ತಂದು ನ್ಯೂಟ್ರಲೈಸರ್ ಜೊತೆ ಪ್ಲೇಟ್ ಮಾಡಿ. ತೆಳು ಮಾಡಿದ ಆಂಟಿಸೆಪ್ಟಿಕ್‌ನಲ್ಲೇ ಬರ್ಕ್‌ಹೋಲ್ಡೇರಿಯಾ, ಸೂಡೊಮೊನಾಸ್, ಸೆರೇಶಿಯಾ ಆರಾಮವಾಗಿ ಬೆಳೆದಿರುವುದುಂಟು.